ನಿಕ್ಕಲ್ ಭರಾಟೆ: ಇಂಡೊನೇಷ್ಯಾದ ಲೆಕ್ಕಕ್ಕೆ ಬಾರದ ನಷ್ಟ

ಏಷ್ಯಾದ ಆರ್ಥಿಕ ಪ್ರಗತಿಯ ಮಾತು ಬಂದಾಗಲೆಲ್ಲ ಚೀನಾ ಮತ್ತು ಭಾರತದ ಹೆಸರುಗಳು ಮೊದಲು ಕೇಳಿಬರುತ್ತವೆ. ಆದರೆ 2022ರಲ್ಲಿ ಶೇ. 20ಕ್ಕೂ ಹೆಚ್ಚಿನ ಬೆಳವಣಿಗೆ ದರ ದಾಖಲಿಸಿದ ಪ್ರದೇಶವೊಂದು ಇಂಡೊನೇಷ್ಯಾದ ಪೂರ್ವ ಭಾಗದಲ್ಲಿದೆ. ಅದು ಉತ್ತರ ಮಲುಕು ಪ್ರಾಂತ್ಯ. ಶತಮಾನಗಳ ಹಿಂದೆ ಲವಂಗದ ಆಸೆಗೆ ಪೋರ್ಚುಗೀಸರು ಹಾಗೂ ಡಚ್ಚರು ಸಾಗರ ದಾಟಿ ಹುಡುಕಿಕೊಂಡು ಬಂದ ದ್ವೀಪಗಳು ಇಲ್ಲಿಯೇ ಇವೆ. ಇಂದು ಹೊರದೇಶಗಳ ಬಂಡವಾಳವನ್ನು ಅಲ್ಲಿಗೆ ಸೆಳೆಯುತ್ತಿರುವುದು ಕೆಮ್ಮಣ್ಣಿನೊಳಗಿನ ನಿಕ್ಕಲ್ ಅದಿರು.

ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯಿಂದ ಹಿಡಿದು ವಿದ್ಯುತ್ ಚಾಲಿತ ಕಾರಿನ ಬ್ಯಾಟರಿಯವರೆಗೆ ಹಲವು ವಸ್ತುಗಳಿಗೆ ನಿಕ್ಕಲ್ ಬೇಕು. ಜಗತ್ತಿನ ಗಣಿಗಳಿಂದ ಹೊರಬರುವ ನಿಕ್ಕಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈಗ ಇಂಡೊನೇಷ್ಯಾದ್ದು. 2020ರಲ್ಲಿ ಈ ಪಾಲು ಮೂರನೇ ಒಂದು ಭಾಗವೂ ಇರಲಿಲ್ಲ. ಇಷ್ಟು ಕಡಿಮೆ ಅವಧಿಯಲ್ಲಿ ದೇಶವೊಂದು ಲೋಹವೊಂದರ ಮಾರುಕಟ್ಟೆಯನ್ನು ಈ ಪರಿ ಆವರಿಸಿಕೊಂಡ ಉದಾಹರಣೆಗಳು ವಿರಳ. ಇದು ಸಾಧ್ಯವಾದುದು ಹೇಗೆ, ಇದಕ್ಕಾಗಿ ತೆತ್ತ ಬೆಲೆ ಏನು, ಆ ಬೆಲೆಯನ್ನು ಯಾವ ಖಾತೆಯಲ್ಲಿ ಬರೆಯಲಾಗಿದೆ ಎಂಬ ಪ್ರಶ್ನೆಗಳು ಇಂಡೊನೇಷ್ಯಾಕ್ಕೆ ಮಾತ್ರ ಸೀಮಿತವಾದವಲ್ಲ. ಬೆಳವಣಿಗೆಗಾಗಿ ವಿದೇಶಿ ಬಂಡವಾಳದ ದಾರಿ ಕಾಯುತ್ತಿರುವ ಏಷ್ಯಾದ ಪ್ರತಿಯೊಂದು ದೇಶಕ್ಕೂ ಅವು ಅನ್ವಯಿಸುತ್ತವೆ.

ಓಡಿಹೋದ ಬಂಡವಾಳ, ಉರಿದ ಕಾಡು

ಇಂದಿನ ಇಂಡೊನೇಷ್ಯಾದ ಆರ್ಥಿಕ ನೀತಿಯನ್ನು ಅರಿಯಬೇಕಾದರೆ 1997ಕ್ಕೆ ಹಿಂದಿರುಗಬೇಕು. ಆ ವರ್ಷ ಜುಲೈ 2ರಂದು ಥಾಯ್ಲೆಂಡ್ ತನ್ನ ಕರೆನ್ಸಿಯಾದ ಬಾತ್‌ನ ಮೌಲ್ಯ ನಿರ್ಧಾರವನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. ಆಗಸ್ಟ್ 14ರಂದು ಇಂಡೊನೇಷ್ಯಾ ಕೂಡ ಅದೇ ಹಾದಿ ಹಿಡಿಯಬೇಕಾಯಿತು. ಡಾಲರ್ ಒಂದಕ್ಕೆ ಸುಮಾರು 2,400ರಷ್ಟಿದ್ದ ಅಲ್ಲಿನ ರುಪಯ್ಯಾ 1998ರ ಜನವರಿಯಲ್ಲಿ 10,000ದ ಗಡಿಯನ್ನೂ ದಾಟಿ ಕುಸಿಯಿತು. ಡಾಲರ್ ಲೆಕ್ಕದಲ್ಲಿ ಸಾಲ ಮಾಡಿದ್ದ ಕಂಪನಿಗಳ ಋಣಭಾರ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಿಗೂ ಮಿಕ್ಕಿ ಬೆಳೆಯಿತು.

ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಫೈನಾನ್ಸ್ ಸಂಸ್ಥೆಯ ಅಂದಾಜಿನಂತೆ, ಇಂಡೊನೇಷ್ಯಾ, ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್ ಮತ್ತು ದಕ್ಷಿಣ ಕೊರಿಯಾ ಈ ಐದು ದೇಶಗಳಿಗೆ 1996ರಲ್ಲಿ ಸುಮಾರು 9,300 ಕೋಟಿ ಡಾಲರ್ ಖಾಸಗಿ ಬಂಡವಾಳ ಹರಿದುಬಂದಿತ್ತು. ಮರುವರ್ಷ ಹರಿವಿನ ದಿಕ್ಕೇ ಬದಲಾಗಿ ಸುಮಾರು 1,200 ಕೋಟಿ ಡಾಲರ್ ಹೊರಕ್ಕೆ ಹೋಯಿತು. ಇಂಡೊನೇಷ್ಯಾದ ಅರ್ಥವ್ಯವಸ್ಥೆ 1998ರಲ್ಲಿ ಶೇ. 13ರಷ್ಟು ಕುಗ್ಗಿತು. ಮೂರು ದಶಕಗಳ ಕಾಲ ಅಧಿಕಾರದಲ್ಲಿದ್ದ ಅಧ್ಯಕ್ಷ ಸುಹಾರ್ತೊ ಅದೇ ವರ್ಷ ಮೇ 21ರಂದು ಪದತ್ಯಾಗ ಮಾಡಿದರು.

ಇದೇ ತಿಂಗಳುಗಳಲ್ಲಿ ಇನ್ನೊಂದು ದುರಂತವೂ ನಡೆದಿತ್ತು. ಎಲ್ ನಿನೊ ಪರಿಣಾಮವಾಗಿ ಮಳೆ ಕೈಕೊಟ್ಟಿದ್ದ 1997ರಲ್ಲಿ ಸುಮಾತ್ರಾ ಹಾಗೂ ಕಾಲಿಮಂತಾನ್‌ನ ಕಾಡುಗಳು ಹೊತ್ತಿ ಉರಿದವು. ಸಿಂಗಪುರ, ಮಲೇಷ್ಯಾಗಳ ಆಕಾಶವನ್ನು ಹೊಗೆ ಮುಸುಕಿತು. ಬರ ಒಂದೇ ಇದಕ್ಕೆ ಕಾರಣವಾಗಿರಲಿಲ್ಲ. ತಾಳೆ ತೋಟಕ್ಕಾಗಿ ಬೆಂಕಿ ಹಚ್ಚಿ ನೆಲ ಹಸನು ಮಾಡುವ ಪದ್ಧತಿ ಹಬ್ಬಿತ್ತು. ಅದಕ್ಕೆ ಮುನ್ನ ಮಧ್ಯ ಕಾಲಿಮಂತಾನ್‌ನ 10 ಲಕ್ಷ ಹೆಕ್ಟೇರ್ ಜೌಗು ಪ್ರದೇಶವನ್ನು ಭತ್ತದ ಗದ್ದೆಯಾಗಿಸುವ ಸುಹಾರ್ತೊ ಸರ್ಕಾರದ ಯೋಜನೆಗಾಗಿ ಕಾಲುವೆಗಳನ್ನು ತೋಡಿ ನೀರನ್ನು ಬಸಿಯಲಾಗಿತ್ತು. ಸಾವಿರಾರು ವರ್ಷಗಳಿಂದ ಸಂಚಯವಾಗಿದ್ದ ಸಸ್ಯಾವಶೇಷದ ಆ ನೆಲ ಒಣಗಿ, ಕಿಡಿ ತಾಗಿದೊಡನೆ ತಿಂಗಳುಗಟ್ಟಲೆ ಉರಿಯಿತು. ಆ ವರ್ಷ ಇಂಡೊನೇಷ್ಯಾದ ಇಂಥ ನೆಲ ಮತ್ತು ಅದರ ಮೇಲಿನ ಕಾಡು ಉರಿದು ಹೊರಬಿದ್ದ ಇಂಗಾಲವು ಇಡೀ ಜಗತ್ತು ವರ್ಷವೊಂದರಲ್ಲಿ ಕಲ್ಲಿದ್ದಲು, ತೈಲ ಇತ್ಯಾದಿಗಳನ್ನು ಸುಟ್ಟು ಹೊರಬಿಡುವ ಇಂಗಾಲದ ಶೇ. 13ರಿಂದ 40ರಷ್ಟಕ್ಕೆ ಸಮ ಎಂದು 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು.

ಕರೆನ್ಸಿ ಕುಸಿತದ ಬಗ್ಗೆ ಅಂತಾರಾಷ್ಟ್ರೀಯ ಹಣಕಾಸು ನಿಧಿ ಧಾವಿಸಿ ಬಂದಿತು, ಒಪ್ಪಂದಗಳಾದವು, ಗ್ರಂಥಗಳೇ ರಚನೆಯಾದವು. ಕಾಡಿನ ಬೆಂಕಿಗೆ ಸಿಕ್ಕ ಗಮನ ಹೊಗೆ ಕರಗುತ್ತಿದ್ದಂತೆ ಕರಗಿತು. ಹೊಗೆ ಮಾಲಿನ್ಯ ತಡೆಗೆ ಆಸಿಯಾನ್ ದೇಶಗಳು 2002ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರೂ ಇಂಡೊನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ ಎಂಬುದು ಗಮನಾರ್ಹ.

ನೆಲಕ್ಕೆ ಕಟ್ಟಿಹಾಕಿದ ಹಣ

1997ರ ಆಘಾತದಿಂದ ಏಷ್ಯಾದ ರಾಷ್ಟ್ರಗಳು ಕಲಿತ ಪಾಠ ಸ್ಪಷ್ಟವಾಗಿತ್ತು. ಬಂದಷ್ಟೇ ವೇಗವಾಗಿ ಹೊರಟುಹೋಗುವ ಅಲ್ಪಾವಧಿ ಹಣವನ್ನು ನಂಬಿ ದೇಶ ಕಟ್ಟಲಾಗದು. ಮಲೇಷ್ಯಾ 1998ರ ಸೆಪ್ಟೆಂಬರ್‌ನಲ್ಲಿ ಬಂಡವಾಳದ ಹೊರಹರಿವಿಗೆ ಕಡಿವಾಣ ಹಾಕಿತು. ಚೀನಾ ಡಾಲರ್ ಸಂಗ್ರಹಿಸುತ್ತ ಹೋಗಿ 2014ರ ಹೊತ್ತಿಗೆ ಸುಮಾರು 4 ಲಕ್ಷ ಕೋಟಿ ಡಾಲರ್ ಮೀಸಲು ನಿಧಿಯನ್ನು ಕೂಡಿಹಾಕಿತು. ಇಂಡೊನೇಷ್ಯಾಕ್ಕೆ ಅಂಥ ಸಾಮರ್ಥ್ಯ ಇರಲಿಲ್ಲ. 2013ರ ಮೇ ತಿಂಗಳಿನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ತನ್ನ ಬಾಂಡ್ ಖರೀದಿಯನ್ನು ತಗ್ಗಿಸುವ ಸುಳಿವು ನೀಡಿದಾಗ ಹಣ ಮತ್ತೆ ಹೊರಹೋಗತೊಡಗಿತು. ‘ದುರ್ಬಲ ಐವರು’ ಎಂದು ಮಾರುಕಟ್ಟೆ ಪಂಡಿತರು ಹೆಸರಿಟ್ಟ ದೇಶಗಳ ಪಟ್ಟಿಯಲ್ಲಿ ಭಾರತದೊಂದಿಗೆ ಇಂಡೊನೇಷ್ಯಾದ ಹೆಸರೂ ಇತ್ತು.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೀನಾ ಅಧ್ಯಕ್ಷ ಷಿ ಜಿನ್‌ಪಿಂಗ್ ಜಕಾರ್ತಾಕ್ಕೆ ಭೇಟಿ ನೀಡಿದರು. ಚೀನಾದ ಉಕ್ಕು ಕಂಪನಿ ತ್ಸಿಂಗ್‌ಶಾನ್ ಮತ್ತು ಸ್ಥಳೀಯ ಪಾಲುದಾರ ಕಂಪನಿ ಸೇರಿ ಸುಲವೇಸಿ ದ್ವೀಪದ ಮೊರೊವಾಲಿಯಲ್ಲಿ ಕೈಗಾರಿಕಾ ಪ್ರದೇಶ ನಿರ್ಮಿಸುವ ಒಪ್ಪಂದಕ್ಕೆ ಆ ಸಂದರ್ಭದಲ್ಲಿ ಸಹಿ ಬಿದ್ದಿತು. ಷೇರುಪೇಟೆಗೆ ಬರುವ ಹಣಕ್ಕೂ ಇದಕ್ಕೂ ಅಜಗಜಾಂತರ. ಕುಲುಮೆ, ಬಂದರು, ವಿದ್ಯುತ್ ಸ್ಥಾವರಗಳ ರೂಪದಲ್ಲಿ ನೆಲಕ್ಕಿಳಿದ ಬಂಡವಾಳವನ್ನು ಗುಂಡಿಯೊಂದನ್ನು ಒತ್ತಿ ರಾತ್ರೋರಾತ್ರಿ ಹಿಂತೆಗೆದುಕೊಳ್ಳಲಾಗದು.

ಇಂಡೊನೇಷ್ಯಾ ಇದಕ್ಕೆ ಕಾನೂನಿನ ಬಲವನ್ನೂ ಒದಗಿಸಿತು. ಅದಿರನ್ನು ದೇಶದೊಳಗೇ ಸಂಸ್ಕರಿಸಬೇಕೆಂದು 2009ರ ಗಣಿ ಕಾಯ್ದೆ ವಿಧಿಸಿತು. ಕಚ್ಚಾ ಅದಿರಿನ ರಫ್ತನ್ನು 2014ರಲ್ಲಿ ನಿಷೇಧಿಸಿ, 2017ರಲ್ಲಿ ಸಡಿಲಿಸಿ, 2020ರ ಜನವರಿ 1ರಿಂದ ನಿಕ್ಕಲ್‌ಗೆ ಪೂರ್ಣವಾಗಿ ಜಾರಿಗೊಳಿಸಲಾಯಿತು. ಐರೋಪ್ಯ ಒಕ್ಕೂಟ ವಿಶ್ವ ವಾಣಿಜ್ಯ ಸಂಸ್ಥೆಗೆ ದೂರಿತ್ತಿತು. 2022ರ ನವೆಂಬರ್‌ನಲ್ಲಿ ತೀರ್ಪು ಇಂಡೊನೇಷ್ಯಾದ ವಿರುದ್ಧ ಬಂದರೂ, ನ್ಯಾಯಾಧೀಶರೇ ಇಲ್ಲದೆ ನಿಷ್ಕ್ರಿಯವಾಗಿದ್ದ ಮೇಲ್ಮನವಿ ಮಂಡಳಿಗೆ ಮೊರೆಹೋಗಿ ಅದು ತನ್ನ ನೀತಿಯನ್ನು ಉಳಿಸಿಕೊಂಡಿತು.

ಫಲಿತಾಂಶ ಕಣ್ಣಿಗೆ ಕಾಣುವಂತಿತ್ತು. ನಿಕ್ಕಲ್ ಉತ್ಪನ್ನಗಳ ರಫ್ತು ಮೌಲ್ಯ 2022ರಲ್ಲಿ 3,000 ಕೋಟಿ ಡಾಲರ್ ಮೀರಿತೆಂದು ಸರ್ಕಾರ ಘೋಷಿಸಿತು. ಮೊರೊವಾಲಿಯ ಜೊತೆಗೆ ಉತ್ತರ ಮಲುಕುವಿನ ಹಲ್ಮಹೇರಾ ದ್ವೀಪದ ವೇದಾ ಕೊಲ್ಲಿಯಲ್ಲಿ ಇನ್ನೊಂದು ಬೃಹತ್ ಕೈಗಾರಿಕಾ ಪ್ರದೇಶ ಎದ್ದು ನಿಂತಿತು. ಮೀನುಗಾರರ ಹಳ್ಳಿಗಳಿದ್ದೆಡೆ ಹತ್ತಾರು ಸಾವಿರ ಕಾರ್ಮಿಕರ ಪಟ್ಟಣಗಳು ಬೆಳೆದವು. ಸಂಪತ್ತನ್ನು ಕಚ್ಚಾ ರೂಪದಲ್ಲಿ ಮಾರಿಕೊಳ್ಳುವ ವಸಾಹತು ಕಾಲದ ಕರ್ಮದಿಂದ ಬಿಡುಗಡೆ ದೊರೆಯಿತೆಂಬ ಜಕಾರ್ತಾದ ಹೆಮ್ಮೆಯಲ್ಲಿ ಹುರುಳಿಲ್ಲದೆ ಇಲ್ಲ.

ಕಲ್ಲಿದ್ದಲ ಬೆನ್ನೇರಿದ ಹಸಿರು

ಆದರೆ ನಾಣ್ಯಕ್ಕೆ ಎರಡು ಮುಖಗಳಿರುತ್ತವೆ. ಇಂಡೊನೇಷ್ಯಾದ ಅದಿರು ಕೆಮ್ಮಣ್ಣಿನಲ್ಲಿ, ನೆಲದ ಮೇಲ್ಪದರದಲ್ಲೇ ಇದೆ. ಅದನ್ನು ತೆಗೆಯಲು ಸುರಂಗ ಕೊರೆಯುವ ಅಗತ್ಯವಿಲ್ಲ. ಮೇಲಿನ ಕಾಡನ್ನು ಕಡಿದು, ಮಣ್ಣನ್ನೇ ಬಾಚಿಕೊಳ್ಳಬೇಕು. ಹೊದಿಕೆ ಕಳೆದುಕೊಂಡ ಗುಡ್ಡಗಳ ಮೇಲೆ ಉಷ್ಣವಲಯದ ಮಳೆ ಸುರಿದಾಗ ಕೆಂಪು ಹೂಳು ಹೊಳೆ ಸೇರಿ, ಹೊಳೆಯಿಂದ ಕಡಲು ಸೇರಿ ಹವಳದ ದಿಬ್ಬಗಳ ಮೇಲೆ ಕೂರುತ್ತದೆ. ವೇದಾ ಕೊಲ್ಲಿಗೆ ಸಮೀಪದ ಸಗೇಯಾ ನದಿ 2023ರಲ್ಲಿ ಕದಡಿ ಬಣ್ಣ ಬದಲಿಸಿದಾಗ ಹಳ್ಳಿಗರು ಪ್ರತಿಭಟನೆಗಿಳಿದಿದ್ದರು.

ಅದಿರನ್ನು ಕರಗಿಸಲು ಹಗಲಿರುಳು ಅಪಾರ ವಿದ್ಯುತ್ ಬೇಕು. ದೂರದ ದ್ವೀಪಗಳಿಗೆ ರಾಷ್ಟ್ರೀಯ ವಿದ್ಯುತ್ ಜಾಲ ತಲುಪಿಲ್ಲದ ಕಾರಣ ಕಾರ್ಖಾನೆಗಳು ತಮ್ಮದೇ ಕಲ್ಲಿದ್ದಲು ಸ್ಥಾವರಗಳನ್ನು ಸ್ಥಾಪಿಸಿಕೊಂಡವು. ಹವಾಮಾನ ಬದಲಾವಣೆ ತಡೆಗೆಂದು ಜನ ಕೊಳ್ಳುವ ವಿದ್ಯುತ್ ಕಾರಿನ ಬ್ಯಾಟರಿಗೆ ಹೋಗುವ ಲೋಹವನ್ನು ಕಲ್ಲಿದ್ದಲು ಉರಿಸಿ ತಯಾರಿಸಲಾಗುತ್ತಿದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೊಂದಿಲ್ಲ.

ಈ ವಿಪರ್ಯಾಸಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಹೊಸ ಕಲ್ಲಿದ್ದಲು ಸ್ಥಾವರಗಳನ್ನು ನಿಷೇಧಿಸಿದ 2022ರ ಅಧ್ಯಕ್ಷೀಯ ಆದೇಶ ಸಂಖ್ಯೆ 112, ಖನಿಜಗಳ ಮೌಲ್ಯವರ್ಧನೆ ಮಾಡುವ ಕೈಗಾರಿಕೆಗಳಿಗೆ ವಿನಾಯಿತಿ ನೀಡಿತು. ಹತ್ತು ವರ್ಷಗಳೊಳಗೆ ಹೊಗೆಯ ಪ್ರಮಾಣವನ್ನು ಶೇ. 35ರಷ್ಟು ತಗ್ಗಿಸಬೇಕು ಎಂಬ ಷರತ್ತಿದ್ದರೂ ಅವು 2050ರವರೆಗೆ ಉರಿಯಬಹುದು. ಹೊರದೇಶಗಳಲ್ಲಿ ಹೊಸ ಕಲ್ಲಿದ್ದಲು ವಿದ್ಯುತ್ ಯೋಜನೆಗಳನ್ನು ಕಟ್ಟುವುದಿಲ್ಲವೆಂದು ಷಿ ಜಿನ್‌ಪಿಂಗ್ 2021ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮಾತು ಕೊಟ್ಟಿದ್ದರು. ಕೈಗಾರಿಕಾ ಪ್ರದೇಶಗಳ ಒಳಗೆ ಮಾತ್ರ ಚಿಮಣಿಗಳು ಏಳುತ್ತಲೇ ಹೋದವು.

ಶ್ರೀಮಂತ ರಾಷ್ಟ್ರಗಳ ನಡೆಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. 2022ರ ನವೆಂಬರ್‌ನಲ್ಲಿ ಬಾಲಿಯ ಜಿ–20 ಶೃಂಗಸಭೆಯ ವೇಳೆ ಇಂಡೊನೇಷ್ಯಾವನ್ನು ಕಲ್ಲಿದ್ದಲಿನಿಂದ ಬಿಡಿಸಲು 2,000 ಕೋಟಿ ಡಾಲರ್ ನೆರವನ್ನು ಅವು ಘೋಷಿಸಿದವು. ಮರುವರ್ಷ ಪ್ರಕಟವಾದ ಯೋಜನಾ ದಾಖಲೆ ಕಾರ್ಖಾನೆಗಳ ಸ್ವಂತ ಸ್ಥಾವರಗಳನ್ನು ಲೆಕ್ಕದಿಂದಲೇ ಹೊರಗಿಟ್ಟಿತು. 2025ರ ಮಾರ್ಚ್‌ನಲ್ಲಿ ಅಮೆರಿಕ ಈ ಕೂಟದಿಂದಲೇ ಹಿಂದೆ ಸರಿಯಿತು. ಭರವಸೆಯ ಹಣ ಕಾಗದದ ಮೇಲಿದ್ದಾಗ ಕುಲುಮೆಯ ಹಣ ನೆಲದ ಮೇಲಿತ್ತು.

ದುಡಿಯುವವರ ಸ್ಥಿತಿಯೂ ಕಳವಳಕಾರಿ. 2023ರ ಡಿಸೆಂಬರ್ 24ರಂದು ಮೊರೊವಾಲಿಯ ಕುಲುಮೆಯೊಂದರಲ್ಲಿ ದುರಸ್ತಿ ನಡೆಯುತ್ತಿದ್ದಾಗ ಸಂಭವಿಸಿದ ಸ್ಫೋಟ 21 ಕಾರ್ಮಿಕರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ ಇಂಡೊನೇಷ್ಯಾದವರೂ ಇದ್ದರು, ಚೀನಾದವರೂ ಇದ್ದರು.

ಲಾಭ ಯಾರ ಪಾಲಿಗೆ?

ಪರಿಸರದ ನಷ್ಟವನ್ನು ಸಹಿಸಿಕೊಂಡಾದರೂ ದೇಶ ಸಿರಿವಂತವಾಯಿತೇ ಎಂಬುದು ಮುಂದಿನ ಪ್ರಶ್ನೆ. ದೊಡ್ಡ ಬಂಡವಾಳ ಹೂಡುವವರಿಗೆ ಇಂಡೊನೇಷ್ಯಾ 20 ವರ್ಷಗಳವರೆಗೆ ಆದಾಯ ತೆರಿಗೆ ವಿನಾಯಿತಿ ನೀಡಿತು. ಬಂಡವಾಳ, ಯಂತ್ರ, ತಂತ್ರಜ್ಞಾನ ಬಹುಪಾಲು ಚೀನಾದ್ದು. ಉತ್ಪನ್ನಗಳ ಮುಖ್ಯ ಗ್ರಾಹಕನೂ ಚೀನಾ. ಹೀಗಾಗಿ ಮೌಲ್ಯವರ್ಧನೆಯ ಲಾಭದಲ್ಲಿ ಸಿಂಹಪಾಲು ಹೊರಗೆ ಹೋಗುತ್ತಿದೆ ಎಂದು 2024ರಲ್ಲಿ ನಿಧನರಾದ ಅರ್ಥಶಾಸ್ತ್ರಜ್ಞ ಫೈಸಲ್ ಬಸ್ರಿ ನಿರಂತರವಾಗಿ ವಾದಿಸಿದ್ದರು. ಸರ್ಕಾರ ಆ ವಾದವನ್ನು ಅಲ್ಲಗಳೆದು, ಉದ್ಯೋಗ ಮತ್ತು ರಫ್ತಿನ ಅಂಕಿಗಳನ್ನು ಮುಂದಿಟ್ಟಿತು. ಇಬ್ಬರ ಲೆಕ್ಕದಲ್ಲೂ ಸತ್ಯಾಂಶವಿದೆ. ಉತ್ಪಾದನೆ ಎಲ್ಲಿ ನಡೆಯಿತು ಎಂಬುದನ್ನು ಜಿಡಿಪಿ ಹೇಳುತ್ತದೆ. ಅದರ ಲಾಭ ಯಾರ ಜೇಬು ಸೇರಿತು ಎಂಬುದನ್ನು ಅದು ಹೇಳುವುದಿಲ್ಲ.

ಇದರ ಜೊತೆಗೆ ಮಾರುಕಟ್ಟೆಯ ಚಂಚಲತೆ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ನಿಕ್ಕಲ್ ಬೆಲೆ ಟನ್‌ಗೆ 1 ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ನಿಲ್ಲಿಸಬೇಕಾಯಿತು. ಇಂಡೊನೇಷ್ಯಾದ ಉತ್ಪಾದನೆ ಪ್ರವಾಹದಂತೆ ಮಾರುಕಟ್ಟೆಗೆ ಹರಿದ ಮೇಲೆ, 2024ರಲ್ಲಿ ಬೆಲೆ ಬಹುತೇಕ 20,000 ಡಾಲರ್‌ಗಿಂತ ಕೆಳಗೇ ಇತ್ತು. ಆಸ್ಟ್ರೇಲಿಯಾದ ಬಿಎಚ್‌ಪಿ ಕಂಪನಿ ತನ್ನ ನಿಕ್ಕಲ್ ಘಟಕಗಳ ಕೆಲಸವನ್ನು ಅದೇ ವರ್ಷ ಸ್ಥಗಿತಗೊಳಿಸಿತು. ಇತ್ತ ನಿಕ್ಕಲ್ ಬೇಡದ, ಕಬ್ಬಿಣ ಮತ್ತು ಫಾಸ್ಫೇಟ್ ಆಧಾರಿತ ಬ್ಯಾಟರಿಗಳು ಚೀನಾದ ಕಾರುಗಳಲ್ಲಿ ಮೇಲುಗೈ ಸಾಧಿಸಿವೆ. ನೆಲಕ್ಕೆ ಕಟ್ಟಿದ ಬಂಡವಾಳ 1997ರಂತೆ ಓಡಿಹೋಗದಿರಬಹುದು. ಆದರೆ ಅದರ ಮೌಲ್ಯ ನಿಂತಲ್ಲೇ ಕರಗಬಹುದು. ಆಗಲೂ ಚಿಮಣಿ, ಹೂಳು, ತ್ಯಾಜ್ಯದ ರಾಶಿಗಳು ಇದ್ದಲ್ಲೇ ಇರುತ್ತವೆ.

ಬಳ್ಳಾರಿಯ ನೆನಪು

ಕನ್ನಡಿಗರಿಗೆ ಈ ಕಥೆ ಅಪರಿಚಿತವೇನಲ್ಲ. ಚೀನಾದ ಉಕ್ಕಿನ ಹಸಿವು 2000ದ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಗುಡ್ಡಗಳನ್ನೂ ತಟ್ಟಿತ್ತು. 2009–10ರಲ್ಲಿ ಭಾರತ 10 ಕೋಟಿ ಟನ್‌ಗೂ ಹೆಚ್ಚು ಕಬ್ಬಿಣದ ಅದಿರು ರಫ್ತು ಮಾಡಿತು. ಬಹುಪಾಲು ಹೋದದ್ದು ಚೀನಾಕ್ಕೆ. ಕೆಂಧೂಳು ಮೆತ್ತಿದ ಬೆಳೆ, ಲಾರಿಗಳ ಸಾಲು, ಬೇಲೆಕೇರಿ ಬಂದರಿನಿಂದ ಕಣ್ಮರೆಯಾದ ಅದಿರು ಇವೆಲ್ಲ ರಾಜ್ಯದ ಜನಮಾನಸದಲ್ಲಿ ಇನ್ನೂ ಹಸಿರಾಗಿವೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾ. ಎನ್. ಸಂತೋಷ್ ಹೆಗ್ಡೆ ಅವರ ವರದಿ ಸಲ್ಲಿಕೆಯಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿತು.

ಇಂಡೊನೇಷ್ಯಾಕ್ಕೂ ಕರ್ನಾಟಕಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿಂದ ಹೋದದ್ದು ಕಚ್ಚಾ ಅದಿರು. ಅದನ್ನು ಇಲ್ಲಿಯೇ ಉಕ್ಕಾಗಿಸಿದ್ದರೆ ಎಲ್ಲ ಸರಿಯಿರುತ್ತಿತ್ತು ಎಂಬ ವಾದ ಅಂದು ಬಲವಾಗಿ ಕೇಳಿಬಂದಿತ್ತು. ಮೌಲ್ಯವರ್ಧನೆ ಒಂದೇ ಪರಿಹಾರವಲ್ಲ ಎಂಬುದನ್ನು ಮೊರೊವಾಲಿ ಇಂದು ತೋರಿಸಿಕೊಟ್ಟಿದೆ. ಅದು ಉದ್ಯೋಗ ತರಬಲ್ಲದು, ರಫ್ತಿನ ಮೊತ್ತ ಹೆಚ್ಚಿಸಬಲ್ಲದು. ಗಣಿಯ ಗಾಯಕ್ಕೆ ಕುಲುಮೆಯ ಹೊಗೆಯನ್ನೂ ಸೇರಿಸಬಲ್ಲದು.

ಇನ್ನೊಂದು ವಿಷಯದಲ್ಲಿ ಕರ್ನಾಟಕದ ಅನುಭವ ಪಾಠವಾಗಬಲ್ಲದು. ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನ ತೀರ್ಪಿನಲ್ಲಿ ಗಂಭೀರ ಅಕ್ರಮ ಎಸಗಿದ ಗಣಿ ಗುತ್ತಿಗೆಗಳನ್ನು ರದ್ದುಪಡಿಸಿತು, ಉತ್ಪಾದನೆಗೆ ವಾರ್ಷಿಕ ಮಿತಿ ಹಾಕಿತು, ಗಣಿ ಕಂಪನಿಗಳಿಂದ ಬಂದ ಹಣವನ್ನು ಹಾಳಾದ ಪ್ರದೇಶದ ಪುನಶ್ಚೇತನಕ್ಕೆ ಮೀಸಲಿಡುವ ದಾರಿ ತೋರಿತು. ಈ ಕಾರ್ಯಕ್ಕೆಂದು ಪ್ರತ್ಯೇಕ ನಿಗಮವೂ ರಚನೆಯಾಯಿತು. ಸಾವಿರಾರು ಕೋಟಿ ರೂಪಾಯಿ ಸಂಗ್ರಹವಾಗಿಯೂ ಅದು ಹಳ್ಳಿಗಳನ್ನು ತಲುಪಲು ವರ್ಷಗಳೇ ಹಿಡಿದವು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಹಂಗಿಸುವವರು ಇರಬಹುದು. ಆದರೂ ನೆಲದ ನಷ್ಟಕ್ಕೆ ಹಣದ ರೂಪದ ಲೆಕ್ಕ ಕೇಳಿದ್ದು ಮತ್ತು ಗುಡ್ಡದಿಂದ ವರ್ಷಕ್ಕೆ ಇಷ್ಟೇ ತೆಗೆಯಬೇಕೆಂದು ಗೆರೆ ಎಳೆದದ್ದು ಸಾಮಾನ್ಯ ಸಂಗತಿಯಲ್ಲ.

ಖಾತೆ ಪುಸ್ತಕ ಬದಲಾಗಲಿ

ಇಂಥ ಲೆಕ್ಕ ಹೊಸದೂ ಅಲ್ಲ. ರಾಬರ್ಟ್ ರೆಪೆಟೊ ಮತ್ತು ಸಂಗಡಿಗರು 1989ರಲ್ಲಿ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಪರವಾಗಿ ನಡೆಸಿದ ಅಧ್ಯಯನಕ್ಕೆ ಆರಿಸಿಕೊಂಡದ್ದು ಇಂಡೊನೇಷ್ಯಾವನ್ನೇ. 1971ರಿಂದ 1984ರವರೆಗೆ ಆ ದೇಶದ ವಾರ್ಷಿಕ ಬೆಳವಣಿಗೆ ಸರಾಸರಿ ಶೇ. 7.1 ಎಂದು ಅಧಿಕೃತ ಅಂಕಿಗಳು ಹೇಳುತ್ತಿದ್ದವು. ಬರಿದಾದ ತೈಲ, ಕಡಿದ ಕಾಡು, ಕೊಚ್ಚಿಹೋದ ಮಣ್ಣು ಈ ಮೂರನ್ನು ಮಾತ್ರ ಕಳೆದು ನೋಡಿದಾಗ ಅದು ಶೇ. 4ಕ್ಕೆ ಇಳಿಯಿತು. ಉಳಿದದ್ದು ಬೆಳವಣಿಗೆಯಾಗಿರಲಿಲ್ಲ, ಪಿತ್ರಾರ್ಜಿತ ಆಸ್ತಿಯ ಮಾರಾಟವಾಗಿತ್ತು.

ಚೀನಾ ಸಹ ಒಮ್ಮೆ ಈ ಪ್ರಯತ್ನಕ್ಕೆ ಕೈಹಾಕಿತ್ತು. 2004ರ ಮಾಲಿನ್ಯದ ನಷ್ಟ ಜಿಡಿಪಿಯ ಶೇ. 3.05ರಷ್ಟು ಎಂದು 2006ರಲ್ಲಿ ಅಧಿಕೃತವಾಗಿ ಪ್ರಕಟಿಸಿತು. ಪ್ರಾಂತ್ಯಗಳ ಆಡಳಿತಗಾರರಿಂದ ವಿರೋಧ ವ್ಯಕ್ತವಾಗಿ ಮುಂದಿನ ವರದಿ ಹೊರಬರಲಿಲ್ಲ. ಬೆಳವಣಿಗೆಯ ಅಂಕಿಯೇ ಬಡ್ತಿಯ ಮಾನದಂಡವಾಗಿದ್ದ ವ್ಯವಸ್ಥೆಯಲ್ಲಿ ಆ ಅಂಕಿಯನ್ನು ತಗ್ಗಿಸುವ ವರದಿ ಯಾರಿಗೆ ತಾನೇ ಬೇಕಿತ್ತು?

ಇಂಡೊನೇಷ್ಯಾದಲ್ಲಿ ಎಚ್ಚರದ ಕುರುಹುಗಳು ಇಲ್ಲದಿಲ್ಲ. ಸಣ್ಣ ದ್ವೀಪಗಳಲ್ಲಿ ಗಣಿಗಾರಿಕೆಗೆ ಮಿತಿ ಹೇರುವ ಕಾಯ್ದೆಯನ್ನು ಪ್ರಶ್ನಿಸಿ ಗಣಿ ಕಂಪನಿಯೊಂದು ಸಲ್ಲಿಸಿದ್ದ ಅರ್ಜಿಯನ್ನು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2024ರಲ್ಲಿ ತಳ್ಳಿಹಾಕಿತು. ಹವಳದ ದಿಬ್ಬಗಳಿಗೆ ಹೆಸರಾದ ರಾಜಾ ಅಂಪಾತ್ ದ್ವೀಪಸ್ತೋಮದಲ್ಲಿ ಜನಾಕ್ರೋಶ ಭುಗಿಲೆದ್ದಾಗ, 2025ರ ಜೂನ್‌ನಲ್ಲಿ ಸರ್ಕಾರ ನಾಲ್ಕು ನಿಕ್ಕಲ್ ಗಣಿ ಪರವಾನಗಿಗಳನ್ನು ರದ್ದುಪಡಿಸಿತು. ಪ್ರವಾಸಿಗರ ಕಣ್ಣಿಗೆ ಬಿದ್ದ ದ್ವೀಪ ಉಳಿಯಿತು. ಹಲ್ಮಹೇರಾ, ಸುಲವೇಸಿಗಳ ಒಳನಾಡಿನ ಹಳ್ಳಿಗಳಿಗೆ ಆ ಅದೃಷ್ಟವಿಲ್ಲ.

ಮಾಡಬೇಕಾದ ಕೆಲಸಗಳು ರಹಸ್ಯವಾಗಿಲ್ಲ. ಕಾರ್ಖಾನೆಗಳ ಸ್ವಂತ ಕಲ್ಲಿದ್ದಲು ಸ್ಥಾವರಗಳನ್ನು ರಾಷ್ಟ್ರದ ಹವಾಮಾನ ಲೆಕ್ಕಕ್ಕೆ ಸೇರಿಸಬೇಕು. ತೆರಿಗೆ ವಿನಾಯಿತಿಯನ್ನು ಹೂಡಿಕೆಯ ಗಾತ್ರಕ್ಕೆ ಬದಲು ಹೊಗೆ ಮತ್ತು ತ್ಯಾಜ್ಯ ನಿರ್ವಹಣೆಗೆ ತಳುಕು ಹಾಕಬೇಕು. ಗಣಿ ಆರಂಭಕ್ಕೆ ಮುನ್ನವೇ ಪುನಶ್ಚೇತನದ ಹಣವನ್ನು ಠೇವಣಿಯಾಗಿ ಪಡೆಯಬೇಕು. ಬ್ಯಾಟರಿ ಕೊಳ್ಳುವ ಕಾರು ಕಂಪನಿಗಳು ಲೋಹದ ಮೂಲವನ್ನು ಬಹಿರಂಗಪಡಿಸಬೇಕು. ಇವುಗಳಲ್ಲಿ ಯಾವುದೂ ಬೆಳವಣಿಗೆಗೆ ವಿರೋಧಿಯಲ್ಲ.

ಇಂಡೊನೇಷ್ಯಾ ತನ್ನ ಅದಿರಿನ ಮೇಲೆ ಹಕ್ಕು ಸಾಧಿಸಿದ್ದು ಸರಿ. ಬಡ ದೇಶಗಳು ಕಾಡು ಕಾಯುತ್ತ ಕೂರಲಿ ಎನ್ನುವ ನೈತಿಕ ಅಧಿಕಾರ, ತಮ್ಮ ಕಾಡುಗಳನ್ನು ಎಂದೋ ಕಡಿದು ಕೈಗಾರಿಕೆ ಕಟ್ಟಿದ ರಾಷ್ಟ್ರಗಳಿಗಿಲ್ಲ. ಆದರೆ 1997ರಲ್ಲಿ ಆ ದೇಶ ಎರಡು ನಷ್ಟಗಳನ್ನು ಒಟ್ಟಿಗೆ ಅನುಭವಿಸಿತ್ತು. ಹಣದ ನಷ್ಟದಿಂದ ಪಾಠ ಕಲಿತ ಸರ್ಕಾರಗಳು ಕಾಡಿನ ನಷ್ಟದಿಂದ ಕಲಿಯಲಿಲ್ಲ. ಕುಸಿದ ರುಪಯ್ಯಾ ಕೆಲವೇ ವರ್ಷಗಳಲ್ಲಿ ಸ್ಥಿರಗೊಂಡಿತು, ಅರ್ಥವ್ಯವಸ್ಥೆ ಚೇತರಿಸಿಕೊಂಡಿತು. ಉರಿದ ಜೌಗು ನೆಲ ಮತ್ತೆ ತುಂಬಿಕೊಳ್ಳಲು ಸಾವಿರಾರು ವರ್ಷಗಳು ಬೇಕು. ಬಾಚಿ ತೆಗೆದ ಹಲ್ಮಹೇರಾದ ಕೆಮ್ಮಣ್ಣಿನ ವಿಷಯದಲ್ಲೂ ಅದೇ ಮಾತು. ಶೇ. 20ರ ಬೆಳವಣಿಗೆಯನ್ನು ಸಂಭ್ರಮಿಸುವ ಮುನ್ನ, ಅದಿರು ಮುಗಿದ ದಿನ ಆ ದ್ವೀಪದ ಜನರ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದಕ್ಕೆ ಜಕಾರ್ತಾ ಉತ್ತರ ಕಂಡುಕೊಳ್ಳಬೇಕಿದೆ.